ಬಾಯಾರದ ಗುರು

ದೇವಾಲಯದಲ್ಲಿ ನಡೆದ ಬೇಸಿಗೆಯ ಚಹಾ ಕೂಟದಲ್ಲಿ, ಊರಿನ ದೊಡ್ಡ ದೊಡ್ಡ ಚಹಾ ಗುರುಗಳೆಲ್ಲ ಸಾಲಾಗಿ ಮಂಡಿಯೂರಿ ಕೂತಿದ್ದ ಹೊತ್ತಿನಲ್ಲೇ ರಿತ್ಸುಕೊ ಮಾಡಬಾರದ್ದನ್ನು ಮಾಡಿದಳು. ಹಸಿರು ಚಹಾಪುಡಿಗೆ ಬಿಸಿನೀರು ಬೆರೆಸಿ ತಿಳಿ ಚಹಾ ಕಲಸುವುದಕ್ಕೆ ಮುಂಚೆ ಬಿದಿರಿನ ಸೌಟಿನಲ್ಲಿ ತಣ್ಣೀರು ಮೊಗೆದು, ಕೆಂಡದ ಮೇಲೆ ಕಾಯುತ್ತಿದ್ದ ಕಬ್ಬಿಣದ ಹಂಡೆಗೆ ಸುರಿದಳು. ಗಟ್ಟಿ ಚಹಾ ಮಾಡುವಾಗ ಬೇಸಿಗೆಯಲ್ಲಿ ಹಾಗೊಂದು ಸೌಟು ಹಾಕುವುದುಂಟು. ತಿಳಿ ಚಹಾಕ್ಕೆ ನಮ್ಮಲ್ಲಿ ಯಾರೂ ಹಾಕುವುದಿಲ್ಲ. ಹಾಕಿದರೆ ನೀರಿನ ಕಾವು ಇಳಿದು, ಬಿದಿರಿನ ಕಡೆಗೋಲನ್ನು ಎಷ್ಟು ಆಡಿಸಿದರೂ ನೊರೆ ಏಳುವುದಿಲ್ಲ. ರಿತ್ಸುಕೊಳ ಬಟ್ಟಲಲ್ಲೂ ಏಳಲಿಲ್ಲ. ಮುಖ್ಯ ಅತಿಥಿಯಾಗಿ ಕೂತಿದ್ದ ಮುದುಕರು ಆ ಹಸಿರು ನೀರನ್ನು ಕುಡಿದು, "ತುಂಬಾ ಹಿತವಾಗಿದೆ" ಎಂದು ತಲೆಬಾಗಿದರು. ನಮ್ಮ ಮಾತ್ಸುವೆ ಊರಿನಲ್ಲಿ ಅದಕ್ಕಿಂತ ಖಾರವಾದ ಬೈಗುಳ ಇಲ್ಲ.

ಅವಳಿಗೆ ಕಲಿಸಿದ ಗುರು, ಶಿಷ್ಯೆಯರ ಬಾಯಲ್ಲಿ 'ಸೆನ್ಸೇ', ಕಗೆಯಾಮಾ ಹಿಸಾನೊ ಹಿಂದಿನ ಸಾಲಿನಲ್ಲೇ ಇದ್ದರು. ಎಂಬತ್ತೊಂದು ವರ್ಷದ ಹೆಂಗಸು. ಸರೋವರದ ದಂಡೆಯ ತಮ್ಮ ಮನೆಯಲ್ಲಿ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಕಾಲ ಚಹಾ ಕಲಿಸಿದವರು. ಪಾಠದ ಹೊತ್ತಿನಲ್ಲಿ ಅವರು ಗೋಡೆಗೆ ಒರಗಿದ್ದನ್ನಾಗಲಿ, ಕಾಲು ಬದಲಿಸಿದ್ದನ್ನಾಗಲಿ ಯಾರೂ ನೋಡಿರಲಿಲ್ಲ. ಆಗಸ್ಟ್ ತಿಂಗಳ ಸೆಕೆಯಲ್ಲಿ ಎಲ್ಲರೂ ಬೆವೆತು ಮುದ್ದೆಯಾಗಿದ್ದರೆ ಅವರು ಕಿಮೊನೊದ ಒಳಗೆ ಇನ್ನೊಂದು ಪದರ ಉಟ್ಟು, "ಸೆಕೆಯೇನಿಲ್ಲವಲ್ಲ" ಎನ್ನುತ್ತಿದ್ದರು. ಶಿಷ್ಯೆಯರು ಅದನ್ನೂ ಸಾಧನೆ ಎಂದೇ ತಿಳಿದಿದ್ದರು.

ಕೂಟ ಮುಗಿದು ಪಕ್ಕದ ಕೋಣೆಯಲ್ಲಿ ಬಟ್ಟಲು ಒರೆಸುವಾಗ ಹಿಸಾನೊ ಒಳಗೆ ಬಂದು ಬಾಗಿಲು ಎಳೆದುಕೊಂಡರು.

"ಏನಮ್ಮಾ ರಿತ್ಸುಕೊ ಅದು? ಆ ತಣ್ಣೀರು ಯಾಕೆ ಹಾಕ್ದೆ?"

ರಿತ್ಸುಕೊ ನಲವತ್ತು ದಾಟಿದವಳು. ಗಂಡನ ಜೊತೆ ಸರೋವರದ ಚಿಪ್ಪುಮೀನು ಮಾರುವ ಅಂಗಡಿ ನಡೆಸುತ್ತಾಳೆ. ಅಂಗಡಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಈಕೆ ಗುರುವಿನ ಮುಂದೆ ಮಾತ್ರ ಉಸಿರೆತ್ತುವುದಿಲ್ಲ.

"ಮಾತಾಡು. ಇಷ್ಟು ವರ್ಷ ನನ್ನ ಮುಂದೆ ಕೂತು ಇದನ್ನಾ ಕಲ್ತಿದ್ದು? ಎಲ್ಲರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದ್ಯಲ್ಲ! ಯಾರು ಹೇಳ್ಕೊಟ್ರು ನಿಂಗೆ?"

ರಿತ್ಸುಕೊ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದಳು. ಮತ್ತೆ ಬಿಡಿಸಿದಳು.

"ತಾವೇ, ಸೆನ್ಸೇ."

ಕೋಣೆಯಲ್ಲಿದ್ದ ಉಳಿದ ಮೂವರು ಶಿಷ್ಯೆಯರು ತಂತಮ್ಮ ಬಟ್ಟಲುಗಳನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದರು. ಮೊದಲು ಬಾಯಿ ತೆರೆದವಳು ಕಿಯೊ. ಕಿಯೊ ಶಿಷ್ಯೆಯರಲ್ಲಿ ಎಲ್ಲರಿಗಿಂತ ಹಿರಿಯಳು, ಹಿಸಾನೊಗೆ ಶಾಲೆಯ ಗೆಳತಿ, ಆದ್ದರಿಂದ ಊರಿನಲ್ಲಿ ಅವರನ್ನು ಏಕವಚನದಲ್ಲಿ ಕರೆಯುವ ಕೊನೆಯ ಜೀವ.

"ಹೌದು ಕಣೇ ಹಿಸಾ. ಹೋದ ತಿಂಗಳಿಂದ ನೀನೇ ಹಾಕ್ತಿದ್ದೀಯ. ಸಾಯಂಕಾಲ ಕೊನೇಲಿ ನೀನು ಚಹಾ ಮಾಡಿ ತೋರಿಸ್ತೀಯಲ್ಲ, ಆವಾಗ. ಕ್ಯೋಟೊದ ಮೂಲ ಗುರುಮನೆಯಿಂದ ಏನೋ ಹೊಸ ಕಟ್ಟಳೆ ಬಂದಿರ್ಬೇಕು ಅಂದ್ಕೊಂಡೆ ನಾನು."

"ಈ ಸೆಕೇಲಿ ಅತಿಥಿಗಳ ನಾಲಿಗೆ ಸುಡದೆ ಇರ್ಲಿ ಅಂತ ಸೆನ್ಸೇ ಹೀಗೆ ಮಾಡ್ತಿದ್ದಾರೆ ಅಂದ್ಕೊಂಡ್ವಿ" ಎಂದಳು ಇನ್ನೊಬ್ಬಳು, ಬಟ್ಟಲಿಗೆ ಹೇಳುವವಳಂತೆ. "ಮನೇಲೂ ಹಾಗೇ ಅಭ್ಯಾಸ ಮಾಡ್ದೆ."

ನೋಡಿ ಇವರ ಕಥೆ. ಬ್ಯಾಂಕು, ಶಾಲೆ, ಅಂಗಡಿ ಎಂದು ಲೋಕ ಕಂಡ ಹೆಂಗಸರು. ಗುರು ಎಡವಿದ್ದನ್ನು ಕಣ್ಣಾರೆ ಕಂಡು, ಇದು ಹೊಸ ಹೆಜ್ಜೆಯಿರಬೇಕು ಎಂದುಕೊಂಡು, ಮನೆಗೆ ಹೋಗಿ ಎಡವುವುದನ್ನು ಅಭ್ಯಾಸ ಮಾಡಿದ್ದರು. ಭಕ್ತಿಗೂ ಒಂದು ಮಿತಿ ಬೇಡವೇ! ಒಬ್ಬಳಾದರೂ "ಸೆನ್ಸೇ, ಇದು ಸರಿಯೇ?" ಎಂದು ಕೇಳಿದ್ದರೆ ಆ ತಪ್ಪು ದೇವಾಲಯದ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

ಹಿಸಾನೊ ತಮ್ಮ ಬೀಸಣಿಗೆ ತೆಗೆದುಕೊಂಡು ಹೊರಟರು. ರಿತ್ಸುಕೊಳ ಕಣ್ಣು ತುಂಬಿದ್ದನ್ನು ಅವರು ನೋಡಿದ್ದರು. ನೋಡಿಯೂ ನಿಲ್ಲಲಿಲ್ಲ.

ಮನೆಗೆ ಬಂದು ಬಟ್ಟೆ ಕೂಡ ಬದಲಿಸದೆ ಕೂತು ಯೋಚಿಸಿದರು. ಒಂದು ಸೌಟು ತಣ್ಣೀರಿನ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಬೇಸಿಗೆಯಲ್ಲಿ ಬೇರೆಯವೂ ಆಗಿದ್ದವು. ಒಂದು ಸಂಜೆ ಹಂಡೆಯ ನೀರೆಲ್ಲ ಇಂಗಿ, ಕೆಂಡದ ಮೇಲೆ ಬರಿ ಕಬ್ಬಿಣ ಕಾದು ವಾಸನೆ ಬಂದಿತ್ತು. ಸೊಸೆ ಮೇಲಿನ ಮಹಡಿಯಿಂದ ಓಡಿ ಬರುವವರೆಗೆ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಇನ್ನೊಮ್ಮೆ ರಿತ್ಸುಕೊಳನ್ನು "ಅಕ್ಕಾ" ಎಂದು ಕರೆದಿದ್ದರು. ಅವರ ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಎಲ್ಲವೂ ಸಂಜೆಯ ಹೊತ್ತಿಗೇ. ಬೆಳಿಗ್ಗೆ ಎದ್ದರೆ ತಲೆ ತೊಳೆದಿಟ್ಟ ಹಾಗೆ ಚೊಕ್ಕ.

ಅವರ ತಾಯಿಗೂ ಶುರುವಾದದ್ದು ಹೀಗೇ. ಮೊದಲು ಒಲೆಯ ಮೇಲಿಟ್ಟದ್ದು ಮರೆತರು, ಆಮೇಲೆ ಹೆಸರು ಮರೆತರು, ಕೊನೆಗೆ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದ ಮಗಳನ್ನೇ "ಯಾರಮ್ಮಾ ನೀನು, ಪಾಪ, ನಿಮ್ಮ ಮನೆಯವರು ಕಾಯ್ತಿರ್ತಾರೆ, ಹೋಗು" ಎಂದರು. ಹಿಸಾನೊಗೆ ಸಾವಿನ ಭಯ ಇರಲಿಲ್ಲ. ಆ ಮಾತು ತಮ್ಮ ಬಾಯಲ್ಲಿ ಬರುವ ಭಯ ಇತ್ತು. ಬಟ್ಟಲು ಯಾವುದು, ಸೌಟು ಯಾವುದು ಎಂದು ತಿಳಿಯದೆ ಶಿಷ್ಯೆಯರ ಮುಂದೆ ಕೂರುವ ದಿನ ಬರುವುದಕ್ಕೆ ಮುಂಚೆ ಪಾಠ ನಿಲ್ಲಿಸಬೇಕು ಎಂದು ಅವರು ಅಲ್ಲೇ ತೀರ್ಮಾನಿಸಿದರು. ನವೆಂಬರಿನಲ್ಲಿ ಚಹಾ ಕೋಣೆಯ ನೆಲದಲ್ಲಿ ಚಳಿಗಾಲದ ಒಲೆ ತೆರೆಯುವ ದಿನ ಎಲ್ಲರಿಗೂ ಹೇಳಿ, ಬೇರೆ ಗುರುಗಳ ಬಳಿ ಕಳಿಸಿಬಿಡುವುದು.

ಮರುದಿನ ಬೆಳಿಗ್ಗೆ ಕಿಯೊ ಅಡುಗೆಮನೆಯ ಬಾಗಿಲಿಂದ ಒಳಗೆ ಬಂದಳು. ಅವಳು ಎಂದೂ ಮುಂಬಾಗಿಲಿಂದ ಬಂದವಳಲ್ಲ.

"ಬೇರೆ ಗುರುಗಳ ಹತ್ರ ಹೋಗೋದಾ? ನಾನಾ? ಈ ವಯಸ್ಸಲ್ಲಿ?" ಹಿಸಾನೊ ಹೇಳಿದ್ದನ್ನು ಕೇಳಿ ಅವಳು ಸೊಂಟದ ಮೇಲೆ ಕೈಯಿಟ್ಟಳು. "ಆ ಸೇತುವೆ ಪಕ್ಕದ ಗುರು ಇದ್ದಾನಲ್ಲ, ಅವನು ಹುಟ್ಟಿದಾಗ ತೊಟ್ಟಿಲು ತೂಗಿದ್ದೀನಿ ನಾನು. ಅವನ ಮುಂದೆ ಬಗ್ಗಿ ನಮಸ್ಕಾರ ಮಾಡ್ಲಾ?"

"ತಮಾಷೆ ಬೇಡ ಕಿಯೊ. ನನ್ನ ತಲೆ ಹೋಗ್ತಿದೆ."

"ಹೋಗ್ತಿದೆಯೋ ಇಲ್ವೋ ಡಾಕ್ಟ್ರು ಹೇಳ್ಲಿ. ನೀನೇ ರೋಗಿ ನೀನೇ ಡಾಕ್ಟ್ರು ಆಗ್ಬೇಡ. ನಾಳೆ ಬೆಳಿಗ್ಗೆ ಬರ್ತೀನಿ, ರಕ್ತ ತೆಗೆದ್ರೂ ತೆಗೀಬಹುದು, ತಿಂಡಿ ತಿನ್ಬೇಡ."

ಡಾಕ್ಟರು ಯುಮುರಾ ಎಂಬ ನಡುವಯಸ್ಸಿನ ಹೆಂಗಸು. ಮಾತು ನಿಧಾನ, ಮುಖದಲ್ಲಿ ಆತುರವಿಲ್ಲ. ಮೊದಲು ಪ್ರಶ್ನೆ ಕೇಳಿದರು.

"ಇವತ್ತು ಯಾವ ವಾರ ಹೇಳ್ತೀರಾ?"

"ಗುರುವಾರ. ನಾಳೆ ನನ್ನ ಪಾಠ ಇದೆ."

"ನೂರರಿಂದ ಏಳೇಳು ಕಳೀತಾ ಹೋಗಿ ನೋಡೋಣ."

ಹಿಸಾನೊ ತೊಂಬತ್ತಮೂರು, ಎಂಬತ್ತಾರು ಎಂದು ಹೊರಟವರು ಎಲ್ಲೂ ನಿಲ್ಲದೆ ಎರಡಕ್ಕೆ ಬಂದು ಮುಟ್ಟಿದರು. "ಇನ್ನೂ ಕಳೀಬೇಕಾ? ಸೊನ್ನೆಗಿಂತ ಕೆಳಗೆ ಹೋಗುತ್ತೆ."

"ಸಾಕು ಸಾಕು" ಎಂದು ಡಾಕ್ಟರು ನಕ್ಕರು. "ನನಗೇ ಅಷ್ಟು ಬೇಗ ಬರಲ್ಲ."

"ಡಾಕ್ಟ್ರೇ, ಬೆಳಿಗ್ಗೆ ಇವಳ ತಲೆ ಚಾಕು" ಎಂದಳು ಪಕ್ಕದಲ್ಲಿದ್ದ ಕಿಯೊ. "ಸಾಯಂಕಾಲ ನೋಡ್ಬೇಕು ನೀವು. ಮಂಕು ಹಿಡಿದ ಹಾಗೆ ಇರ್ತಾಳೆ. ಪಾಠದ ದಿನ ಇನ್ನೂ ಜೋರು."

ಡಾಕ್ಟರು ಹಿಸಾನೊರ ನಾಲಿಗೆ ನೋಡಿದರು. ಕೊರಳ ಕೆಳಗಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಅದು ಮಡಿಕೆಯಾಗಿಯೇ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು. ರಕ್ತ ತೆಗೆಸಿ, ಹೊರಗೆ ಕೂರಿಸಿ, ಮತ್ತೆ ಒಳಗೆ ಕರೆದರು.

"ಈಗ ಬಾಯಾರಿಕೆ ಆಗ್ತಿದೆಯಾ?"

"ಇಲ್ಲ."

"ಬೆಳಿಗ್ಗೆಯಿಂದ ಏನು ಕುಡಿದ್ರಿ?"

"ಮಾತ್ರೆ ನುಂಗೋದಕ್ಕೆ ಒಂದು ಗುಟುಕು ನೀರು."

"ಪಾಠದ ದಿನ?"

ಹಿಸಾನೊ ಕಿಮೊನೊದ ತೋಳು ಸರಿಪಡಿಸಿಕೊಂಡರು. ಕಿಯೊ ಬಿಡಲಿಲ್ಲ. "ಹೇಳೇ. ಡಾಕ್ಟ್ರ ಹತ್ರ ಎಂಥ ನಾಚಿಕೆ? ಕುಡಿಯೋದೇ ಇಲ್ಲ ಡಾಕ್ಟ್ರೇ. ಕುಡಿದ್ರೆ ಪಾಠದ ಮಧ್ಯೆ ಎದ್ದು ಬಚ್ಚಲಿಗೆ ಹೋಗ್ಬೇಕಾಗುತ್ತೆ ಅಂತ. ಗುರು ಎದ್ದು ಹೋದ್ರೆ ಆಕಾಶ ಕಳಚಿ ಬೀಳುತ್ತಲ್ಲ!"

"ಮೊದ್ಲೂ ಹಾಗೇ ಮಾಡ್ತಿದ್ದೆ. ಏನೂ ಆಗ್ತಿರ್ಲಿಲ್ಲ" ಎಂದರು ಹಿಸಾನೊ, ಕಿವಿಯವರೆಗೂ ಕೆಂಪಾಗಿ.

"ಮೊದ್ಲು ಪಾಠ ಮುಗಿದ ಮೇಲೆ ಗಟಗಟ ಅಂತ ಕುಡೀತಿದ್ರಿ ಅಲ್ವಾ?"

ಹಿಸಾನೊ ಯೋಚಿಸಿದರು. ಹೌದು. ಆ ಕಾಲದಲ್ಲಿ ಶಿಷ್ಯೆಯರು ಗೇಟು ದಾಟುವುದೇ ತಡ, ಅಡುಗೆಮನೆಗೆ ಓಡಿ ನಿಂತುಕೊಂಡೇ ಒಂದು ಚೊಂಬು ನೀರು ಖಾಲಿ ಮಾಡುತ್ತಿದ್ದರು. ಆ ಓಟ ಯಾವಾಗ ನಿಂತಿತೋ ನೆನಪಿರಲಿಲ್ಲ.

"ಬಾಯಾರಿಕೆ ಬಾಯಲ್ಲಿ ಹುಟ್ಟೋದಲ್ಲ ಕಗೆಯಾಮಾ ಅವರೇ" ಎಂದು ಡಾಕ್ಟರು ತಮ್ಮ ಎರಡು ಹುಬ್ಬಿನ ನಡುವೆ ಬೆರಳಿಟ್ಟುಕೊಂಡರು. "ಇದರ ಹಿಂದೆ, ಒಳಗೆ, ಮೆದುಳಿನ ಅಡೀಲಿ ಒಂದು ಬಾದಾಮಿ ಬೀಜದಷ್ಟು ಜಾಗ ಇದೆ. ಹೈಪೊಥಾಲಮಸ್ ಅಂತೀವಿ. ಸೆಕೆ, ಚಳಿ, ಹಸಿವು, ನಿದ್ದೆ ಎಲ್ಲ ಅದರ ಉಸ್ತುವಾರಿ. ದೇಹದ ಎಷ್ಟೋ ಹಾರ್ಮೋನುಗಳಿಗೆ ಅಪ್ಪಣೆ ಹೋಗೋದೂ ಅಲ್ಲಿಂದಾನೇ. ರಕ್ತದಲ್ಲಿ ನೀರು ಕಡಿಮೆಯಾಗಿ ಉಪ್ಪು ಜಾಸ್ತಿ ಆಯ್ತು ಅಂದ್ರೆ, ಆ ಜಾಗ ಎರಡು ಕೆಲಸ ಮಾಡುತ್ತೆ. ಒಂದು, ನೀರು ಹೊರಗೆ ಬಿಡಬೇಡ ಅಂತ ಮೂತ್ರಪಿಂಡಕ್ಕೆ ಒಂದು ಹಾರ್ಮೋನ್ ಕಳಿಸುತ್ತೆ. ಇನ್ನೊಂದು, ನೀರು ಕುಡಿ ಅಂತ ನಿಮಗೆ ಹೇಳುತ್ತೆ. ವಯಸ್ಸಾದಾಗ ಎರಡೂ ಸಡಿಲ ಆಗ್ತವೆ. ಹಾರ್ಮೋನ್ ಬಂದ್ರೂ ಮೂತ್ರಪಿಂಡಕ್ಕೆ ಕಿವಿ ಮಂದ. ನಿಮಗೆ ಹೇಳಬೇಕಾದ ಮಾತನ್ನಂತೂ ಅದು ಹೇಳೋದೇ ಇಲ್ಲ. ದೇಹ ಒಣಗ್ತಾ ಇರುತ್ತೆ, ನಿಮಗೆ ಸುದ್ದಿ ಬರಲ್ಲ. ನಿಮ್ಮ ರಕ್ತದಲ್ಲಿ ಈಗ ಉಪ್ಪು ಹೆಚ್ಚಿದೆ. ಆದ್ರೂ ಬಾಯಾರಿಕೆ ಇಲ್ಲ ಅಂತೀರಿ."

"ಇಲ್ಲವಲ್ಲ."

"ಅದೇ ನಾನು ಹೇಳ್ತಿರೋದು. ಸೆಕೆನೂ ಆಗಲ್ಲ ನಿಮಗೆ, ಅಲ್ವಾ? ಈ ಬಿಸಿಲಲ್ಲಿ ಇಷ್ಟು ಬಟ್ಟೆ ಉಟ್ಟಿದ್ದೀರ. ಬೆಳಗಿನ ಜಾವಕ್ಕೇ ಎಚ್ಚರ ಆಗುತ್ತಾ?"

"ಕೋಳಿಗಿಂತ ಮೊದ್ಲು ಏಳ್ತಾಳೆ" ಎಂದಳು ಕಿಯೊ. ಆಮೇಲೆ ತಡೆಯಲಾರದೆ ನಕ್ಕಳು. "ಈ ಊರಲ್ಲಿ ಬಡಗಿ ಕೂಡ ಮೂರು ಗಂಟೆಗೆ ಉಳಿ ಕೆಳಗಿಟ್ಟು ಚಹಾ ಕುಡೀತಾನೆ. ಚಹಾ ಕಲಿಸೋ ಮಹಾತಾಯಿ ಒಣಗಿ ಹೋಗಿದ್ದಾಳೆ!"

ಹಿಸಾನೊ ನಗಲಿಲ್ಲ. "ಹಾಗಾದ್ರೆ ಇದು ನಮ್ಮಮ್ಮನ ಕಾಯಿಲೆ ಅಲ್ವಾ?" ಎಂದು ಕೇಳಿದರು.

ಡಾಕ್ಟರು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. "ಅಲ್ಲ ಅಂತ ಇವತ್ತೇ ಮಾತು ಕೊಡೋಕಾಗಲ್ಲ. ನೀರಿಲ್ಲದೆ ಮೆದುಳು ಮಂಕಾಗೋದೂ ಹಾಗೇ ಕಾಣುತ್ತೆ. ನಿಮ್ಮ ಹೃದಯಕ್ಕೆ, ಮೂತ್ರಪಿಂಡಕ್ಕೆ ಕಾಯಿಲೆ ಏನಿಲ್ಲ, ನೀರು ಜಾಸ್ತಿ ಕುಡಿಯೋಕೆ ಅಡ್ಡಿಯಿಲ್ಲ. ಬಾಯಾರಲಿ ಅಂತ ಕಾಯಬೇಡಿ. ಗಡಿಯಾರ ನೋಡಿ ಸ್ವಲ್ಪ ಸ್ವಲ್ಪ ಕುಡೀರಿ, ಪಾಠದ ಹೊತ್ತಲ್ಲೂ. ಸಾಯಂಕಾಲದ ಮಂಕು ಹೋದ್ರೆ ಅದು ನೀರಿನ ತೊಂದರೆ. ಕುಡಿದೂ ಹೋಗದಿದ್ರೆ ಆಗ ಬೇರೆ ಪರೀಕ್ಷೆ ಮಾಡೋಣ."

ಪಾಠದ ಹೊತ್ತಲ್ಲೂ! ಡಾಕ್ಟರಿಗೇನು, ಹೇಳಿಬಿಟ್ಟರು. ಚಹಾ ಮಾಡಿಕೊಡುವವರು ಅತಿಥಿಗೆ ಕೊಡಬೇಕು, ತಾವಾಗಿ ಕುಡಿಯಬಾರದು ಎಂದು ಹಿಸಾನೊ ಎಷ್ಟು ಜನರಿಗೆ ಹೇಳಿಕೊಟ್ಟಿದ್ದರೋ ಲೆಕ್ಕವಿಲ್ಲ. ಪಾಠದ ಕೋಣೆಗೆ ನೀರಿನ ಲೋಟ ತಂದ ಹುಡುಗಿಯೊಬ್ಬಳನ್ನು ಹಿಂದೊಮ್ಮೆ ವಾಪಸ್ ಕಳಿಸಿದವರು ಅವರು. ಶುಕ್ರವಾರ ಸೊಸೆ ತುಂಬಿಸಿಕೊಟ್ಟ ಫ್ಲಾಸ್ಕನ್ನು ಅಡುಗೆಮನೆಯಲ್ಲೇ ಬಿಟ್ಟು, ಇವತ್ತೊಂದು ದಿನ ನೋಡೋಣ ಎಂದು ಕೂತರು. ರಿತ್ಸುಕೊ ಅಂದು ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಎಂದು ಹೇಳಿ ಕಳಿಸಿದ್ದಳು.

ಸಂಜೆ ಹಿಸಾನೊ ತಮ್ಮ ಚಹಾ ಮಾಡಲು ಹಂಡೆಯ ಮುಂದೆ ಕೂತರು. ಸೌಟು ಎತ್ತಿದರು. ಎತ್ತಿದ ಸೌಟನ್ನು ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಕೈ ಗಾಳಿಯಲ್ಲಿ ನಿಂತಿತು. ಹಂಡೆ ಕಾಣುತ್ತಿತ್ತು, ಬಟ್ಟಲು ಕಾಣುತ್ತಿತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಹತ್ತಲಿಲ್ಲ. ಶಿಷ್ಯೆಯರು ತಲೆ ತಗ್ಗಿಸಿ ಕಾದರು. ಬಹುಶಃ ಇದೂ ಒಂದು ಹೊಸ ಹೆಜ್ಜೆಯೇನೋ ಎಂದುಕೊಂಡರೋ ಏನೋ.

"ಅಯ್ಯಯ್ಯೋ, ನನ್ನ ಕಾಲು!" ಕಿಯೊ ಧೊಪ್ಪೆಂದು ಪಕ್ಕಕ್ಕೆ ಉರುಳಿದಳು. "ಜೋಮು ಹಿಡೀತು, ಎಳೀರೇ ಯಾರಾದ್ರೂ! ಸತ್ತೆ!"

ಎಲ್ಲರೂ ಅವಳ ಕಾಲೆಳೆಯುವ ಗಲಾಟೆಯಲ್ಲಿ ಪಾಠ ಮುಗಿದುಹೋಯಿತು. ಅವರೆಲ್ಲ ಹೊರಟ ಮೇಲೆ ಕಿಯೊ ನೆಟ್ಟಗೆ ಎದ್ದು ಅಡುಗೆಮನೆಗೆ ಹೋಗಿ, ತುಂಬಿದ ಹಾಗೇ ಇದ್ದ ಫ್ಲಾಸ್ಕನ್ನು ತಂದು ಗೆಳತಿಯ ಮುಂದೆ ಕುಕ್ಕಿದಳು.

"ಎಷ್ಟು ಸಲ ಬೀಳ್ಲಿ ನಾನು? ನಂಗೂ ವಯಸ್ಸಾಗಿದೆ, ಮೂಳೆ ಮುರಿಯುತ್ತೆ. ನಿಂಗೆ ಮರ್ಯಾದೆ ದೊಡ್ಡದೋ ತಲೆ ದೊಡ್ಡದೋ, ಇವತ್ತೇ ಹೇಳ್ಬಿಡು."

ಹಿಸಾನೊ ಅತ್ತರು. ಅವರು ಅತ್ತದ್ದನ್ನು ಕಿಯೊ ನೋಡಿದ್ದು ಶಾಲೆಯಲ್ಲಿದ್ದಾಗ ಒಮ್ಮೆ ಮಾತ್ರ. "ಕುಡಿದೂ ಹೋಗದಿದ್ರೆ?" ಎಂದರು. "ಅದಕ್ಕೇ ಕುಡೀತಿಲ್ಲ ಕಣೇ. ಕುಡೀದೆ ಇದ್ರೆ, ನೀರಿಂದಾನೇ ಇರ್ಬೇಕು ಅಂತ ಅಂದ್ಕೊಂಡಾದ್ರೂ ಇರಬಹುದು."

ಕಿಯೊ ಫ್ಲಾಸ್ಕಿನ ಮುಚ್ಚಳ ತೆಗೆದಳು. ಆಮೇಲೆ ಒಂದು ಲೋಟಕ್ಕೆ ನೀರು ಬಗ್ಗಿಸಿ ಕೈಗೆ ಕೊಟ್ಟಳು. "ಗೊತ್ತಾಗಲಿ ಬಿಡು. ಅಮ್ಮನ ಕಾಯಿಲೆನೇ ಆದ್ರೆ ನಾನಿದ್ದೀನಲ್ಲ. ನನ್ನ ಹೆಸರು ಮರೆತ್ರೆ ದಿನಾ ಬೆಳಿಗ್ಗೆ ಬಂದು ಹೇಳ್ತೀನಿ."

ಹಿಸಾನೊ ಕುಡಿದರು. ಮರುದಿನವೂ ಕುಡಿದರು, ಅದರ ಮರುದಿನವೂ. ಬೇಕೆನಿಸದ ನೀರನ್ನು ಕುಡಿಯುವುದು ಹಸಿವಿಲ್ಲದೆ ಊಟಕ್ಕೆ ಕೂತ ಹಾಗೆ, ಗಂಟಲು ತಾನಾಗಿ ತೆರೆಯುವುದಿಲ್ಲ. ಸೊಸೆ ಗಡಿಯಾರ ನೋಡಿ ಮಹಡಿಯಿಂದಲೇ "ಅತ್ತೇ, ನೀರು!" ಎಂದು ಕೂಗುತ್ತಿದ್ದಳು. ಅಕ್ಕಪಕ್ಕದವರಿಗೆ ಇದೊಂದು ನಗೆಯ ವಿಷಯವಾಯಿತು.

ಭಾನುವಾರ ಅವರು ಒಬ್ಬರೇ ರಿತ್ಸುಕೊಳ ಅಂಗಡಿಗೆ ಹೋದರು. ರಿತ್ಸುಕೊ ರಬ್ಬರ್ ಬೂಟು ಹಾಕಿಕೊಂಡು ಚಿಪ್ಪುಮೀನು ತೊಳೆಯುತ್ತಿದ್ದಳು. ಗುರುವನ್ನು ಕಂಡು ಕೈಯಲ್ಲಿದ್ದ ಬುಟ್ಟಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು. ಹಿಸಾನೊ ಆ ಒದ್ದೆ ನೆಲದಲ್ಲೇ ಸೊಂಟ ಬಗ್ಗಿಸಿ ತಲೆಬಾ​ಗಿದರು.

"ತಪ್ಪು ನಂದು. ಬೈಸಿಕೊಂಡವಳು ನೀನು. ಕ್ಷಮಿಸಮ್ಮ."

"ಸೆನ್ಸೇ, ಏಳಿ, ಯಾರಾದ್ರೂ ನೋಡಿದ್ರೆ..." ರಿತ್ಸುಕೊ ಗಾಬರಿಯಾಗಿ ತಾನೂ ಬಗ್ಗಿದಳು. ಬುಟ್ಟಿಯಿಂದ ನಾಲ್ಕು ಚಿಪ್ಪು ಉರುಳಿದವು.

ಹಿಸಾನೊ ಎಲ್ಲ ಹೇಳಿದರು. ತಾಯಿಯ ಕಾಯಿಲೆ, ಬಾದಾಮಿ ಬೀಜದಷ್ಟು ಜಾಗ, ಬಾರದ ಬಾಯಾರಿಕೆ, ಏನನ್ನೂ ಮುಚ್ಚಿಡಲಿಲ್ಲ. ರಿತ್ಸುಕೊ ಕೇಳಿಸಿಕೊಂಡು, ಒಳಗೆ ಹೋಗಿ ಒಂದು ಲೋಟ ಬಾರ್ಲಿ ಚಹಾ ತಂದಳು.

"ಬೇಡಮ್ಮ, ಬಾಯಾರಿಕೆ ಇಲ್ಲ" ಎಂದರು ಹಿಸಾನೊ. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿಸಾನೊ ಲೋಟ ತೆಗೆದುಕೊಂಡರು.

ಮುಂದಿನ ಶುಕ್ರವಾರ ಎಲ್ಲರೂ ಬಂದಿದ್ದರು. ಪಾಠ ಶುರುವಾಗುವ ಮುನ್ನ ಹಿಸಾನೊ ಮುಂದೆ ಬೆರಳೂರಿ ನಮಸ್ಕರಿಸಿದರು.

"ಇವತ್ತಿಂದ ನಾನು ಪಾಠದ ಮಧ್ಯೆ ನೀರು ಕುಡೀತೀನಿ. ಬೇಕಾದ್ರೆ ಎದ್ದೂ ಹೋಗ್ತೀನಿ. ಇದು ನಾನು ನಿಮಗೆ ಕಲಿಸಿದ ಪದ್ಧತಿ ಅಲ್ಲ. ದಯವಿಟ್ಟು ಇದನ್ನೂ ಅಭ್ಯಾಸ ಮಾಡ್ಬೇಡಿ."

ನಗಬೇಕೋ ಬೇಡವೋ ಎಂದು ಶಿಷ್ಯೆಯರು ಕಿಯೊಳ ಕಡೆ ನೋಡಿದರು. ಕಿಯೊ ನಕ್ಕಳು, ಎಲ್ಲರೂ ನಕ್ಕರು.

ಹೇಳುವುದು ಸುಲಭ. ಲೋಟ ಎತ್ತುವ ಹೊತ್ತು ಬಂದಾಗ ಹಿಸಾನೊ ಕದ್ದು ತಿನ್ನುವವರ ಹಾಗೆ ಗೋಡೆಯ ಕಡೆ ತಿರುಗಿ, ತೋಳನ್ನು ಮರೆಮಾಡಿ ಎರಡು ಗುಟುಕು ನುಂಗಿದರು. ಮತ್ತೆ ಹೊತ್ತಾದಾಗ ಮತ್ತೆ ಗೋಡೆಗೆ ಮುಖ. ಒಮ್ಮೆ ಎದ್ದು ಹೋಗಿಯೂ ಬಂದರು. ಆಕಾಶ ಕಳಚಿ ಬೀಳಲಿಲ್ಲ. ಆದರೆ ಪ್ರತಿ ಸಲವೂ ಅವರ ಮುಖ ಚಿಕ್ಕದಾಗುತ್ತಿತ್ತು. ನೋಡುತ್ತಿದ್ದ ರಿತ್ಸುಕೊಗೆ ಅದನ್ನು ಸಹಿಸಲಾಗಲಿಲ್ಲ.

ಸಂಜೆಯ ಬಿಸಿಲು ಚಾಪೆಯ ಮೇಲೆ ಬಂತು. ಹಿಸಾನೊ ತಮ್ಮ ಚಹಾ ಮಾಡಲು ಹಂಡೆಯ ಮುಂದೆ ಕೂತರು. ಇದೇ ಹೊತ್ತು. ಹೋದ ವಾರ ಕೈ ನಿಂತಿದ್ದು ಇಲ್ಲೇ. ಕಿಯೊ ಬೇಕಾದರೆ ಉರುಳುವುದಕ್ಕೆ ಸಿದ್ಧಳಾಗಿ ಕೂತಿದ್ದಳು. ಮುಖ್ಯ ಅತಿಥಿಯ ಜಾಗ ಅಂದು ರಿತ್ಸುಕೊಳದು. ಸೌಟು ಹಂಡೆಗೆ ಹೋಯಿತು, ಬಿಸಿನೀರು ಬಟ್ಟಲಿಗೆ ಬಂತು, ಕಡೆಗೋಲು ಆಡಿತು, ನೊರೆ ಎದ್ದಿತು. ಹಿಸಾನೊ ಬಟ್ಟಲಿನ ಚಿತ್ತಾರವಿದ್ದ ಮಗ್ಗುಲನ್ನು ಅತಿಥಿಯ ಕಡೆ ತಿರುಗಿಸಿ ಮುಂದಿಟ್ಟರು.

ರಿತ್ಸುಕೊ ಬಟ್ಟಲು ಮುಟ್ಟಲಿಲ್ಲ. ಚಾಪೆಗೆ ಬೆರಳೂರಿ, ಒಂದೇ ಉಸಿರಿಗೆ ಹೇಳಿದಳು: "ದಯವಿಟ್ಟು ತಾವೂ ಒಂದು ಬಟ್ಟಲು ತೆಗೆದುಕೊಳ್ಳಬೇಕು."

ಅದು ಅವಳು ಹುಟ್ಟಿಸಿದ ಮಾತಲ್ಲ. ಪದ್ಧತಿಯಲ್ಲೇ ಇರುವ ಮಾತು. ಮುಖ್ಯ ಅತಿಥಿಗೆ ಮನಸ್ಸು ಬಂದರೆ ಚಹಾ ಮಾಡುವವರನ್ನೂ ಕುಡಿಯಿರಿ ಎಂದು ಕೇಳಬಹುದು. ಕೇಳಿದರೆ ಮಾಡುವವರು ಎಲ್ಲರ ಎದುರು ತಮಗಾಗಿ ಒಂದು ಬಟ್ಟಲು ಕಲಸಿಕೊಂಡು ಕುಡಿಯಬಹುದು. ಇಷ್ಟು ವರ್ಷ ಗುರುವಿಗೆ ಹಾಗೆನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ, ಅಷ್ಟೇ. ರಿತ್ಸುಕೊ ಆ ಮಾತನ್ನು ವಾರವಿಡೀ ಚಿಪ್ಪುಮೀನಿನ ಬುಟ್ಟಿಗಳ ಮುಂದೆ ಬಾಯಿಪಾಠ ಮಾಡಿದ್ದಳು.

ಹಿಸಾನೊರ ಕೈ ನಿಂತಿತು. ಕಿಯೊ ಒಂದು ಕೈ ನೆಲಕ್ಕೂರಿ ಉರುಳಲು ಹೊರಟಳು.

"ಈಗಲ್ಲ" ಎಂದರು ಹಿಸಾನೊ.

ರಿತ್ಸುಕೊ ತಲೆಯೆತ್ತಿದಳು.

"ಅದನ್ನ ಕೇಳೋದು ಈಗಲ್ಲ. ಮೊದ್ಲು ನಿನ್ನ ಬಟ್ಟಲು ಕುಡೀಬೇಕು. ಆಮೇಲೆ ಎಲ್ಲರೂ ಕುಡೀಬೇಕು. ಎಲ್ಲರದ್ದೂ ಆದ್ಮೇಲೆ, ಇನ್ನು ಮುಗಿಸಿ ಅಂತ ಹೇಳೋಕೆ ಮುಂಚೆ, ಆವಾಗ ಕೇಳೋದು. ಮತ್ತೆ ಆ ಎಡಗೈ ಬೆರಳು ಯಾಕೆ ಹಾಗೆ ಬಿಡಿಬಿಡಿ? ಸೇರಿಸಿಡು."

ರಿತ್ಸುಕೊ ಬೆರಳು ಸೇರಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. ಕಿಯೊ ಊರಿದ ಕೈಯನ್ನು ಮೆಲ್ಲಗೆ ಮೊಣಕಾಲ ಮೇಲೆ ತಂದುಕೊಂಡು, "ನೆಟ್ಟಗಿದೆ ಮುದುಕಿ ತಲೆ" ಎಂದು ಪಕ್ಕದವಳಿಗೆ ಕೇಳಿಸುವಷ್ಟೇ ಹೇಳಿದಳು. ಆ ಹೊತ್ತಿಗೆ ಹಿಸಾನೊಗೂ ತಾವೇನು ಮಾಡಿದೆವೆಂದು ಹೊಳೆಯಿತು. ಸಂಜೆಯಾಗಿತ್ತು. ತಪ್ಪು ಕಂಡಿತ್ತು. ತಿದ್ದಿಯೂ ಆಗಿತ್ತು. ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದು, ಮುಂದಿನ ಬಟ್ಟಲಿಗೆ ಕೈ ಹಾಕಿದರು.

ಒಬ್ಬೊಬ್ಬರಾಗಿ ಎಲ್ಲರೂ ಕುಡಿದರು. ಯಾರೂ ಆತುರ ಮಾಡಲಿಲ್ಲ. ಕೊನೆಯ ಬಟ್ಟಲು ಹಿಂತಿರುಗಿದಾಗ ರಿತ್ಸುಕೊ ಬೆರಳು ಸೇರಿಸಿ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬಗ್ಗಿ ಕೇಳಿದಳು.

"ದಯವಿಟ್ಟು ತಾವೂ ಒಂದು ಬಟ್ಟಲು ತೆಗೆದುಕೊಳ್ಳಬೇಕು."

ಹಿಸಾನೊ ತಲೆಬಾಗಿದರು. ತಮಗಾಗಿ ನೀರು ಮೊಗೆದು, ತೆಳ್ಳಗೆ, ನೀರೇ ಹೆಚ್ಚಾಗಿ ಕಲಸಿಕೊಂಡರು. ಬಟ್ಟಲು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗದೆ, ಎಲ್ಲರ ಮುಖ ನೋಡುತ್ತ ಕೂತರು. ಆಮೇಲೆ ಪದ್ಧತಿಯಲ್ಲಿಲ್ಲದ ಒಂದು ಮಾತು ಅವರ ಬಾಯಿಂದ ಬಂತು.

"ನಿಜ ಹೇಳ್ಬೇಕಂದ್ರೆ ಈಗ್ಲೂ ನಂಗೆ ಬಾಯಾರಿಕೆ ಇಲ್ಲ ಕಣಮ್ಮ."

"ನಮಗಿದೆ ಸೆನ್ಸೇ" ಎಂದಳು ರಿತ್ಸುಕೊ. "ನೀವು ಕುಡೀರಿ."